ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗಳಿಗೆ ವ್ಯಾಲೆಂಟೈನ್‌ನ ಹೈಸ್ಕೂಲು

ನಮಸ್ಕಾರ ಮೇಡಂ. ಯಜಮಾನರಿಗೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ವ್ಯಾಲೆಂಟೈನ್‌ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಮಗಳನ್ನು ಅಲ್ಲಿನ ಸರ್ಕಾರಿ ಹೈಸ್ಕೂಲಿಗೆ ಸೇರಿಸಬಹುದೇ, ಇಲ್ಲ ಬೆಂಗಳೂರಲ್ಲೇ ಪಿಯುಸಿಗೆ ಬಿಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಕರೆದುಕೊಂಡು ಬನ್ನಿ. ಆದರೆ ಮೇ ಮುಗಿಯುವ ಮೊದಲೇ ಶಾಲೆಯ ಕೌನ್ಸೆಲರ್‌ಗೆ (ಮಕ್ಕಳ ವಿಷಯ, ತರಗತಿ ಗೊತ್ತುಮಾಡುವ ಸಲಹೆಗಾರರಿಗೆ) ಬರೆಯಿರಿ. ಜೂನ್‌, ಜುಲೈನಲ್ಲಿ ಅವರು ರಜೆಯಲ್ಲಿರುತ್ತಾರೆ, ಆಗಸ್ಟ್‌ ಮಧ್ಯಕ್ಕೆ ತರಗತಿ ಶುರು.

ವ್ಯಾಲೆಂಟೈನ್‌ ಇರುವ ಚೆರಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ತುಮಕೂರು ಜಿಲ್ಲೆಗಿಂತ ದೊಡ್ಡದು, 2020ರ ಜನಗಣತಿಯಲ್ಲಿ ಜನ 5,455. ಇಂಥ ಕಡೆ ಕೆಮಿಸ್ಟ್ರಿ, ಫಿಸಿಕ್ಸ್ ಎರಡನ್ನೂ ಒಬ್ಬರೇ ಪಾಠ ಮಾಡುವುದುಂಟು. ಒಂದು ವಿಷಯ ದಿನಕ್ಕೆ ಒಂದೇ ಪೀರಿಯಡ್‌, ಕೆಲವು ವಿಷಯ ವರ್ಷ ಬಿಟ್ಟು ವರ್ಷ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಇರುತ್ತದೆಂಬ ಖಾತ್ರಿ ಇಲ್ಲ.

ಎಡವಟ್ಟಾಗುವುದು ಕ್ರೆಡಿಟ್‌ನಲ್ಲಿ, ಅಂದರೆ ಪಾಸಾದ ಪ್ರತಿ ವಿಷಯಕ್ಕೆ ಪಾಠದ ಅವಧಿ ನೋಡಿ ಶಾಲೆ ಕೊಡುವ ಲೆಕ್ಕದಲ್ಲಿ. ಇಲ್ಲಿ ಹೈಸ್ಕೂಲು ಎಂದರೆ 9ರಿಂದ 12. ಪಾಸಾಗಲು ರಾಜ್ಯದ ನಿಯಮದಂತೆ ಕನಿಷ್ಠ 200 ಕ್ರೆಡಿಟ್‌ ಅವರ್‌ ಬೇಕು: ಇಂಗ್ಲಿಷ್‌ 40, ಗಣಿತ, ವಿಜ್ಞಾನ, ಸಮಾಜ ತಲಾ 30, ಉಳಿದದ್ದು ಬೇರೆ ವಿಷಯ. ಮಗಳು 11ಕ್ಕೆ ಸೇರಿದರೆ ಅದರ ಅರ್ಧ ನಮ್ಮೂರಿನ 9 ಮತ್ತು 10ರಿಂದಲೇ ಬರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಒಂದನ್ನೇ ಕೊಟ್ಟರೆ 9ನೇ ತರಗತಿಯ ಲೆಕ್ಕ ಬಿಟ್ಟುಹೋಗುತ್ತದೆ. ಅದರ ಪ್ರೋಗ್ರೆಸ್‌ ಕಾರ್ಡ್‌ ಶಾಲೆಯ ಮೊಹರು ಹಾಕಿಸಿ ತನ್ನಿ, ವಾರಕ್ಕೆ ಯಾವ ವಿಷಯ ಎಷ್ಟು ಪೀರಿಯಡ್‌ ಎಂಬ ಪತ್ರವನ್ನೂ ಹೆಡ್‌ಮಾಸ್ಟರಿಂದ ಬರೆಸಿಕೊಳ್ಳಿ. ವಿಜ್ಞಾನದಲ್ಲಿ ಫಿಸಿಕ್ಸ್‌, ಕೆಮಿಸ್ಟ್ರಿ, ಬಯಾಲಜಿ ಮೂರೂ ಇತ್ತೆಂದು ಅದರಲ್ಲಿರಲಿ. ಕನ್ನಡವನ್ನು ವಿದೇಶಿ ಭಾಷೆಯಾಗಿ ಪರಿಗಣಿಸಿ ಎಂದು ನೀವೇ ಕೇಳಬೇಕು. ಅಂಕದ ವಿಷಯವಂತೂ ಇನ್ನೂ ಸೂಕ್ಷ್ಮ: ಇಲ್ಲಿ 65 ಎಂದರೆ ಬಹುತೇಕ ಕಡೆ ಡಿ ಗ್ರೇಡ್‌, ನಮ್ಮಲ್ಲಿ ಅದು ಫಸ್ಟ್ ಕ್ಲಾಸ್‌. ಎಷ್ಟು ಅಂಕಕ್ಕೆ ಯಾವ ದರ್ಜೆ ಎಂಬ ಎಸ್‌ಎಸ್‌ಎಲ್‌ಸಿ ಮಂಡಳಿಯ ಪಟ್ಟಿ ಲಗತ್ತಿಸದಿದ್ದರೆ ಮಗುವಿಗೆ ಅನ್ಯಾಯವಾಗುತ್ತದೆ. ಅಮೆರಿಕದ ಇತಿಹಾಸ, ಸರ್ಕಾರದ ಪಾಠ ಹೇಗೂ ಇಲ್ಲೇ ಓದಬೇಕು.

ಮೇಲಿನ ಮಟ್ಟದ ಗಣಿತ ಸಿಗದಿದ್ದರೆ ಎರಡು ದಾರಿ. ಮಿಡ್‌-ಪ್ಲೇನ್ಸ್ ಕಮ್ಯುನಿಟಿ ಕಾಲೇಜಿನ ಶಾಖೆ ವ್ಯಾಲೆಂಟೈನ್‌ನಲ್ಲೇ ಇದೆ. ಡ್ಯುಯಲ್‌ ಕ್ರೆಡಿಟ್‌ ತೆಗೆದುಕೊಂಡರೆ ಅದೇ ಪಾಠ ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕ. ಇನ್ನೊಂದು, 1929ರಿಂದ ದೂರಶಿಕ್ಷಣ ನಡೆಸುತ್ತಿರುವ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಹೈಸ್ಕೂಲು. ಇವುಗಳ ಶುಲ್ಕ ಯಾರು ಕಟ್ಟಬೇಕೆಂದು ಮೊದಲೇ ಕೇಳಿ. 11ರಲ್ಲಿ ಕಾಲೇಜು ಪ್ರವೇಶಕ್ಕೆ ಬಳಸುವ ಎಸಿಟಿ ಪರೀಕ್ಷೆಯನ್ನು ಶಾಲೆಯೇ ಬರೆಸುತ್ತದೆ. ಎಚ್‌-4 ವೀಸಾದವರಿಗೆ (ಎಚ್‌-1ಬಿ ಕೆಲಸದ ವೀಸಾದಲ್ಲಿ ಬಂದವರ ಹೆಂಡತಿ/ಗಂಡ, ಮಕ್ಕಳಿಗೆ) ಕಾಲೇಜಿನಲ್ಲಿ ಕೇಂದ್ರ ಸರ್ಕಾರದ ನೆರವು ಸಿಗದು, ಆ ಹಣ ಈಗಲೇ ಕೂಡಿಡಿ.

ಲಸಿಕೆಯ ದಾಖಲೆ ಇಂಗ್ಲಿಷಿನಲ್ಲಿರಲಿ. ಎಂಎಂಆರ್‌ (ದಡಾರ, ಮಂಗನಬಾವು, ರುಬೆಲ್ಲಾ) 2, ಚಿಕನ್‌ಪಾಕ್ಸ್‌ನ ವ್ಯಾರಿಸೆಲ್ಲಾ 2, ಹೆಪಟೈಟಿಸ್‌ ಬಿ 3 ಡೋಸ್‌ ಬೇಕು, ಟಿಡ್ಯಾಪ್‌ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ) ಕೂಡ. ನಮ್ಮ ಮಕ್ಕಳಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುವುದು ವ್ಯಾರಿಸೆಲ್ಲಾ. ಎರಡು ಡೋಸ್‌ ನಡುವೆ ಅಂತರ ಬೇಕಾದ್ದರಿಂದ ಮೊದಲನೆಯದನ್ನು ಬೆಂಗಳೂರಲ್ಲೇ ಹಾಕಿಸಿ.

ಮನೆ ಊರಾಚೆ ಸಿಕ್ಕರೆ ಓಡಾಟ ಹೇಗೆಂಬ ಪ್ರಶ್ನೆಗೆ: ಶಾಲೆಯಿಂದ ಒಂದೂವರೆ ಮೈಲಿಗಿಂತ ದೂರವಿದ್ದರೆ 14 ವರ್ಷ 2 ತಿಂಗಳಿಗೇ ಸ್ಕೂಲ್‌ ಪರ್ಮಿಟ್‌, ಅಂದರೆ ಶಾಲೆಗೆ ತಾನೇ ಕಾರು ಓಡಿಸಿಕೊಂಡು ಹೋಗುವ ಪರವಾನಗಿ, ಸಿಗುತ್ತದೆ. ಆದರೂ ಮೊದಲ ಚಳಿಗಾಲದ ಮಂಜುಗಡ್ಡೆಯ ರಸ್ತೆಯಲ್ಲಿ ಅವಳೊಬ್ಬಳನ್ನೇ ಕಳಿಸಬೇಡಿ.