ಕೋಶ ಸತ್ತಿತೋ, ಬರೀ ಬೆಳವಣಿಗೆ ನಿಲ್ಲಿಸಿತೋ?

ಪ್ರಶ್ನೆ: ಜೊಲ್ಲುಗ್ರಂಥಿ ಕ್ಯಾನ್ಸರ್ ಕೋಶಗಳಿಗೆ ಔಷಧ ಹಾಕಿ 72 ಗಂಟೆಯ ನಂತರ ಎಂಟಿಟಿ ಪರೀಕ್ಷೆ ಮಾಡಿದೆವು. ಬಣ್ಣ ಅರ್ಧಕ್ಕಿಳಿದಿದೆ. ಅರ್ಧದಷ್ಟು ಕೋಶಗಳು ಸತ್ತವು ಎನ್ನಬಹುದೇ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಎಂಟಿಟಿ ಸಾವನ್ನು ಅಳೆಯುವುದಿಲ್ಲ. ಬದುಕಿರುವ ಕೋಶಗಳು ಹಳದಿ ಪುಡಿಯನ್ನು ನೇರಳೆ ಹರಳಾಗಿಸುತ್ತವೆ, ಅಳತೆಗೆ ಸಿಗುವುದು ಅಷ್ಟೇ. ಔಷಧದಿಂದ ಕೋಶ ವಿಭೇದನದತ್ತ, ಅಂದರೆ ಪಕ್ವ ಕೋಶದ ಗುಣ ಪಡೆಯುವತ್ತ, ಹೊರಳಿರಲೂಬಹುದು. ಅಂಥ ಕೋಶದಲ್ಲಿ ಸಾಮಾನ್ಯವಾಗಿ ವಿಭಜನೆ ತಡೆಯುವ ಪಿ21 ಪ್ರೋಟೀನ್ ಏರಿ, ವಿಭಜನೆ ಜಿ1 ಹಂತದಲ್ಲಿ, ಅಂದರೆ ಡಿಎನ್‌ಎ ನಕಲಾಗುವ ಮೊದಲೇ, ನಿಲ್ಲುತ್ತದೆ. ಅತ್ತ ಔಷಧವಿಲ್ಲದ ಕೋಶಗಳು ದುಪ್ಪಟ್ಟಾಗಿರುತ್ತವೆ. ಹೀಗಾಗಿ ಒಂದೂ ಸಾಯದಿದ್ದರೂ ಬಣ್ಣ ಅರ್ಧವಾಗಬಹುದು.

ಔಷಧ ಹಾಕುವ ಗಳಿಗೆಯಲ್ಲೇ ಇನ್ನೊಂದು ಪ್ಲೇಟಿನ ಕೋಶಗಳನ್ನು ಎಣಿಸಿಡಿ. 72 ಗಂಟೆಯ ಎಣಿಕೆ ಅದಕ್ಕಿಂತ ಕೆಳಗಿಳಿದರೆ ಸಾವು ಖಚಿತ. ಇಳಿಯದಿದ್ದರೆ ಸಾವೇ ಇಲ್ಲ ಎಂದೇನೂ ಅಲ್ಲ, ಸಾವು, ವಿಭಜನೆ ಎರಡೂ ಒಟ್ಟಿಗೆ ನಡೆಯುತ್ತಿರಬಹುದು. ಅಪೊಪ್ಟೋಸಿಸ್‌ಗೆ, ಅಂದರೆ ಕೋಶ ತಾನೇ ನಡೆಸುವ ಕ್ರಮಬದ್ಧ ಸಾವಿಗೆ, ಒಳಗಾದ ಕೋಶ ಗುಂಡಗಾಗಿ, ತಳ ಬಿಟ್ಟು ತೇಲುತ್ತದೆ. ಕೋಶ ಬೆಳೆಸಿದ ದ್ರವವಾದ ಹಳೆಯ ಮೀಡಿಯಂ ಚೆಲ್ಲಿದಿರೋ, ಸಾಕ್ಷಿಯನ್ನೇ ಚೆಲ್ಲಿದಂತೆ. ಅದನ್ನೂ ತಳದ ಕೋಶಗಳ ಜೊತೆಗೇ ಸೆಂಟ್ರಿಫ್ಯೂಜ್ ಮಾಡಿ, ಸಾಯತೊಡಗಿದ ಕೋಶಕ್ಕೆ ಅಂಟುವ ಅನೆಕ್ಸಿನ್-ವಿ ಮತ್ತು ಪೊರೆ ಹಾಳಾದ ಕೋಶದೊಳಗೆ ಹೋಗುವ ಪ್ರೊಪಿಡಿಯಂ ಅಯೊಡೈಡ್ ಬಣ್ಣ ಹಾಕಿ 15 ನಿಮಿಷ ಕತ್ತಲಲ್ಲಿಡಿ. ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು. ಕೋಶಗಳನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್ ಜೊತೆ ಬಂದ ಇಡಿಟಿಎ ರಾಸಾಯನಿಕ ಅದನ್ನು ಹಿಡಿದುಬಿಡುತ್ತದೆ, ಆದ್ದರಿಂದ ಚೆನ್ನಾಗಿ ತೊಳೆಯಿರಿ. ಟ್ರಿಪ್ಸಿನ್ ಹೆಚ್ಚು ಹೊತ್ತು ಬಿಟ್ಟರೆ ಪೊರೆ ಹಾಳಾಗಿ, ಆರೋಗ್ಯವಂತ ಕೋಶವೂ ಸತ್ತಂತೆ ತೋರುತ್ತದೆ.

ವಿಭೇದನವಾಗಿದೆ ಎನ್ನಲು ಆಕಾರ ಬದಲಾದರೆ ಸಾಲದು. ಜೊಲ್ಲು ಸ್ರವಿಸುವ ಕೋಶದ ಗುಣಕ್ಕೆ ಅಮೈಲೇಸ್, ಮಯೋಎಪಿಥೀಲಿಯಲ್ (ಸ್ನಾಯುವಿನಂತೆ ಸಂಕುಚಿಸಿ ಜೊಲ್ಲು ಹೊರದೂಡುವ ಕೋಶದ) ಗುಣಕ್ಕೆ ನಯಸ್ನಾಯುವಿನ ಆಲ್ಫಾ ಆಕ್ಟಿನ್ ಮತ್ತು ಕ್ಯಾಲ್ಪೋನಿನ್ ಪ್ರೋಟೀನ್ ನೋಡಿ. ಆಮೇಲೆ ಔಷಧ ತೊಳೆದು ಹೊಸ ಮೀಡಿಯಂ ಕೊಡಿ. ಕೋಶಗಳು ಮತ್ತೆ ಭರದಿಂದ ವಿಭಜಿಸತೊಡಗಿದರೆ ಅದು ಬಹುಪಾಲು ತಾತ್ಕಾಲಿಕ ತಡೆ ಮಾತ್ರ. ಔಷಧ ಕರಗಿಸಲು ಬಳಸಿದ ಡಿಎಂಎಸ್‌ಒ ದ್ರಾವಕ ಕೂಡ ಕೆಲವು ಕೋಶಗಳಲ್ಲಿ ವಿಭೇದನ ಮೂಡಿಸುತ್ತದೆ. 0.1 ಶೇಕಡಾ ದಾಟದಿರಲಿ, ಹೋಲಿಕೆಯ ಪ್ಲೇಟಿಗೂ ಅಷ್ಟೇ ಹಾಕಿ.

ಪ್ರಶ್ನೆ: ವೆಸ್ನರಿನೋನ್ ಈ ಕೋಶಗಳನ್ನು ಬದಲಿಸುತ್ತದಂತೆ. ರೋಗಿಗಳಿಗೆ ಕೊಡಬಹುದೇ?

ಉತ್ತರ: ಇಲ್ಲ. ಜೊಲ್ಲುಗ್ರಂಥಿ ಕ್ಯಾನ್ಸರಿನ ಟಿವೈಎಸ್ ಕೋಶಗಳಲ್ಲಿ ಅದು ವಿಭೇದನ, ಸಾವು ಎರಡನ್ನೂ ಉಂಟುಮಾಡಿದ್ದು ನಿಜ. ಆದರೆ ಅದು ಮೂಲತಃ ಹೃದಯದ ಔಷಧ. ದಿನಕ್ಕೆ 60 ಮಿಲಿಗ್ರಾಂ ಪಡೆದ ಹೃದಯ ವೈಫಲ್ಯದ ರೋಗಿಗಳಲ್ಲಿ ಸಾವು ಹೆಚ್ಚಾದದ್ದು 1998ರಲ್ಲೇ ಪ್ರಕಟವಾಗಿದೆ.

ಪ್ರಶ್ನೆ: ನಮ್ಮಲ್ಲಿರುವುದು ಜೊಲ್ಲುಗ್ರಂಥಿಯದ್ದೆಂದು ಹೇಳುವ ಎಚ್‌ಎಸ್‌ಜಿ ಕೋಶಗಳು. ಸಾಕೇ?

ಉತ್ತರ: ಮೊದಲು ಎಸ್‌ಟಿಆರ್ ಪರೀಕ್ಷೆ, ಅಂದರೆ ಕೋಶದ ಮೂಲ ತಿಳಿಸುವ ಡಿಎನ್‌ಎ ಗುರುತಿನ ಪರೀಕ್ಷೆ, ಮಾಡಿಸಿ. ಎಚ್‌ಎಸ್‌ಜಿಯಲ್ಲಿ ಹೀಲಾ, ಅಂದರೆ ಗರ್ಭಕೊರಳ ಕ್ಯಾನ್ಸರಿನ ಕೋಶಗಳು ಸೇರಿಕೊಂಡಿರುವುದು ಪತ್ತೆಯಾಗಿದೆ. ಜೊಲ್ಲುಗ್ರಂಥಿ ಕ್ಯಾನ್ಸರಿನವೆಂದು ಬಳಸುವ ಎಸಿಸಿ2, ಎಸಿಸಿಎಂ ಕೋಶಗಳ ಪಾಡೂ ಇದೇ. ಮೂಲ ತಪ್ಪಿದ್ದರೆ ಅಮೈಲೇಸ್ ಹುಡುಕಿ ಪ್ರಯೋಜನವಿಲ್ಲ. ವರದಿ ಬರುವವರೆಗೆ ಔಷಧ ಹಾಕುವುದನ್ನು ನಿಲ್ಲಿಸಿ.