ವ್ಯಾಕರಣ ಬರುತ್ತದೆ, ಪ್ರಬಂಧ ಬರುವುದಿಲ್ಲ: ಇಂಗ್ಲಿಷ್ ಕಲಿಕೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಶಿವಮೊಗ್ಗದಲ್ಲಿ ಪದವಿಯ ಮೊದಲ ವರ್ಷದಲ್ಲಿದ್ದೇನೆ. ವ್ಯಾಕರಣದ ಪುಸ್ತಕವನ್ನು ಪೂರ್ತಿ ಓದಿದ್ದೇನೆ, ಬಿಟ್ಟ ಸ್ಥಳ ತುಂಬುವ ಅಭ್ಯಾಸಗಳಲ್ಲಿ ತಪ್ಪಾಗುವುದು ಕಡಿಮೆ. ದಿನಕ್ಕೆ ಹತ್ತು ಹೊಸ ಪದಗಳನ್ನು ಬಾಯಿಪಾಠ ಮಾಡುತ್ತೇನೆ. ಆದರೂ ಒಂದು ಪುಟದ ಪ್ರಬಂಧ ಬರೆಯಲು ಕುಳಿತರೆ ಕೈ ಓಡುವುದಿಲ್ಲ, ಬರೆದದ್ದು ಕೆಂಪು ಶಾಯಿ ತುಂಬಿಕೊಂಡು ವಾಪಸು ಬರುತ್ತದೆ. ಕೃಷಿಯ ಬಗ್ಗೆ ಬರೆದ ಒಂದು ಪ್ರಬಂಧವನ್ನು ಜೊತೆಗೆ ಕಳುಹಿಸಿದ್ದೇನೆ. ನಾನು ಮೊದಲು ಯಾವುದನ್ನು ಸರಿಪಡಿಸಿಕೊಳ್ಳಬೇಕು?
(ಪದವಿ ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು)

ಉತ್ತರ: ನಿಮ್ಮ ಪ್ರಬಂಧವನ್ನು ಎರಡು ಬಾರಿ ಓದಿದೆ. ನಿಮಗೆ ನಿಯಮಗಳ ಕೊರತೆಯಿಲ್ಲ. ನಿಮ್ಮ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡವೂ ಇಂಗ್ಲಿಷೂ ಬೇರೆ ಬೇರೆ ದಾರಿ ಹಿಡಿಯುವ ನಾಲ್ಕೈದು ಜಾಗಗಳಲ್ಲೇ ಆಗಿವೆ. ವ್ಯಾಕರಣದ ಪುಸ್ತಕವು ಎಲ್ಲ ಭಾಷೆಯವರಿಗಾಗಿ ಬರೆದದ್ದಾದ್ದರಿಂದ ಎಲ್ಲ ನಿಯಮಗಳಿಗೂ ಸರಿಸುಮಾರು ಒಂದೇ ತೂಕ ಕೊಡುತ್ತದೆ, ಕನ್ನಡಿಗರಾದ ನಿಮಗೆ ಅದರ ಅಗತ್ಯವಿಲ್ಲ. ಇದುವರೆಗೆ ವಾಪಸು ಬಂದ ನಿಮ್ಮ ಹಾಳೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು, ಕೆಂಪು ಗೆರೆ ಎಳೆದ ವಾಕ್ಯಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬಗೆಬಗೆಯಾಗಿ ವಿಂಗಡಿಸಿ ಬರೆಯಿರಿ. ನಿಮಗೆ ಬೇಕಾದ ವ್ಯಾಕರಣದ ಪುಸ್ತಕ ಅದೇ.

ನಿಮ್ಮ ಹಾಳೆಯಲ್ಲೇ ಇರುವ ಒಂದು ತಪ್ಪನ್ನು ನೋಡೋಣ. ಕನ್ನಡದಲ್ಲಿ ನಾವು 'ನಿನ್ನೆ ಅವರನ್ನು ನೋಡಿದೆ' ಎಂದೂ ಹೇಳುತ್ತೇವೆ, 'ನಿನ್ನೆ ಅವರನ್ನು ನೋಡಿದ್ದೇನೆ' ಎಂದೂ ಹೇಳುತ್ತೇವೆ, ಎರಡೂ ಸರಿಯೇ. ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ' ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಮೇಲೆ 'ಐ ಹ್ಯಾವ್ ಸೀನ್' ಎಂದು ಬರೆಯುವಂತಿಲ್ಲ, 'ಐ ಸಾ' ಎಂದೇ ಬರೆಯಬೇಕು. ಹಾಗೆಯೇ 'ನನಗೆ ಇಬ್ಬರು ತಂಗಿಯರಿದ್ದಾರೆ' ಎಂಬುದನ್ನು 'ಐ ಆ್ಯಮ್ ಹ್ಯಾವಿಂಗ್' ಎಂದು ಬರೆದಿದ್ದೀರಿ. ಇರುವಿಕೆ, ತಿಳಿವಳಿಕೆ, ಇಷ್ಟಾನಿಷ್ಟಗಳಂತಹ ಸ್ಥಿತಿಯನ್ನು ಸೂಚಿಸುವ 'ಹ್ಯಾವ್', 'ನೋ', 'ಲೈಕ್' ಮೊದಲಾದ ಕ್ರಿಯಾಪದಗಳಿಗೆ ಆ ಅರ್ಥದಲ್ಲಿ ಸಾಮಾನ್ಯವಾಗಿ 'ಇಂಗ್' ಸೇರುವುದಿಲ್ಲ.

'ಎ' ಮತ್ತು 'ದಿ' ವಿಷಯದಲ್ಲಿ ಕನ್ನಡಿಗರು ಅನಗತ್ಯವಾಗಿ ಹೆದರುತ್ತಾರೆ. 'ನಮ್ಮೂರಲ್ಲಿ ಒಂದು ಕೆರೆ ಇದೆ, ಆ ಕೆರೆ ಬೇಸಿಗೆಯಲ್ಲೂ ಬತ್ತುವುದಿಲ್ಲ' ಎಂದು ಹೇಳುವಾಗ ಮೊದಲ ಬಾರಿಗೆ ಹೇಳಿದ ವಸ್ತುವನ್ನೂ ಆಗಲೇ ಪರಿಚಯವಾದ ವಸ್ತುವನ್ನೂ ನೀವು ಬೇರ್ಪಡಿಸಿಯೇ ಇದ್ದೀರಿ. ಇಂಗ್ಲಿಷು ಕೇಳುವುದೂ ಮುಖ್ಯವಾಗಿ ಅದನ್ನೇ. ವ್ಯತ್ಯಾಸವೆಂದರೆ ಕನ್ನಡದಲ್ಲಿ ಅದನ್ನು ಹೇಳದೆಯೂ ಬಿಡಬಹುದು, ಅಲ್ಲಿ ಬಿಡುವಂತಿಲ್ಲ. ಸ್ಥಳನಾಮಗಳ ರೂಢಿಯನ್ನು ಮಾತ್ರ ಬೇರೆಯಾಗಿ ಕಲಿಯಬೇಕಾಗುತ್ತದೆ: ತುಂಗಾ, ಶರಾವತಿ ಮೊದಲಾದ ನದಿಗಳ ಹೆಸರಿಗೆ ಮೊದಲು 'ದಿ' ಬರುತ್ತದೆ, ಆಗುಂಬೆಗೂ ಕೊಡಚಾದ್ರಿಗೂ ಅದು ಬೇಡ.

ನಿಮ್ಮ ಪ್ರಬಂಧದ ಅತಿ ದೊಡ್ಡ ತೊಡಕು ಇವೆರಡಕ್ಕಿಂತ ಆಳದಲ್ಲಿದೆ. ಕನ್ನಡದ ಕ್ರಿಯಾಪದವು ಕರ್ತೃವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. 'ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಔಷಧಿ ಹೊಡೆಯುತ್ತಾರೆ' ಎಂದರೆ ಯಾರು ಹೊಡೆಯುತ್ತಾರೆಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ವಾಕ್ಯ ಕರ್ತೃವಿನ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲವಾದ್ದರಿಂದ ನೀವು ಪ್ರತಿ ವಾಕ್ಯದಲ್ಲೂ 'ಪೀಪಲ್', 'ದೇ', ಮತ್ತೆ 'ಪೀಪಲ್' ಎಂದು ಬರೆಯುತ್ತಾ ಹೋಗಿದ್ದೀರಿ. ಕರ್ಮಣಿ ಪ್ರಯೋಗದ ಉಪಯೋಗವಿರುವುದು ಇಲ್ಲಿ. ಅದನ್ನು ಶಾಲೆಯಲ್ಲಿ ವಾಕ್ಯ ತಿರುಗಿಸುವ ಕಸರತ್ತಾಗಿ ಕಲಿಸುತ್ತಾರೆಯೇ ಹೊರತು ಯಾತಕ್ಕೆ ಬೇಕೆಂದು ಹೇಳುವುದು ಅಪರೂಪ, ಇದು ನನಗೆ ಬಹಳ ಬೇಸರದ ಸಂಗತಿ. ಮಾಡುವವರು ಯಾರೆಂಬುದು ಮುಖ್ಯವಲ್ಲದ ಕಡೆ, ವಿಶೇಷವಾಗಿ ಒಂದು ಕೆಲಸದ ಕ್ರಮವನ್ನು ವಿವರಿಸುವಾಗ, 'ದಿ ಬಂಚಸ್ ಆರ್ ಸ್ಪ್ರೇಡ್ ಬಿಫೋರ್ ದಿ ರೇನ್ಸ್' ಎಂದು ಬರೆದರೆ ವಾಕ್ಯ ತಾನಾಗಿ ಹಗುರವಾಗುತ್ತದೆ. ಹಾಗೆಂದು ಎಲ್ಲ ವಾಕ್ಯಗಳನ್ನೂ ಕರ್ಮಣಿಗೆ ತಿರುಗಿಸಬೇಡಿ. ಮಾಡುವವರು ಮುಖ್ಯರಾದ ಕಡೆ ಅವರ ಹೆಸರಿನಿಂದಲೇ ವಾಕ್ಯ ಶುರುವಾಗಲಿ.

ಇನ್ನು ಪ್ರಬಂಧದ ವಸ್ತು. 'ಅಗ್ರಿಕಲ್ಚರ್ ಈಸ್ ದಿ ಬ್ಯಾಕ್‌ಬೋನ್ ಆಫ್ ಅವರ್ ಕಂಟ್ರಿ' ಎಂದು ನೀವು ಆರಂಭಿಸಿದ್ದೀರಿ. ಅದು ನಿಮ್ಮ ವಾಕ್ಯವಲ್ಲ, ಕೃಷಿಯ ಮೇಲೆ ಪರೀಕ್ಷೆಗೆ ಬರೆಯುವ ಅರ್ಧ ತರಗತಿಯ ವಾಕ್ಯ. ಅದಾದ ಮೇಲೆ ಕೈ ನಿಂತುಹೋದದ್ದು ಸಹಜ, ಏಕೆಂದರೆ ಅಷ್ಟು ದೊಡ್ಡ ಮಾತಿನ ನಂತರ ಹೇಳಲು ಏನೂ ಉಳಿದಿರುವುದಿಲ್ಲ. ನಿಮ್ಮದು ಅಡಿಕೆ ತೋಟದ ಮನೆಯೆಂದು ಪತ್ರದಲ್ಲಿ ಬರೆದಿದ್ದೀರಿ. ಹಾಗಿದ್ದರೆ ಅಡಿಕೆ ಗೊನೆಗಳಿಗೆ ಹೊಡೆಯುವ ಔಷಧಿಯಾದ ಬೋರ್ಡೋ ದ್ರಾವಣ ಮಾಡುವುದನ್ನೇ ಬರೆಯಿರಿ. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿಕೊಂಡು ಆಮೇಲೆ ಸೇರಿಸುವುದು. ಮಳೆ ಹಿಡಿದು ಬಿಡದೆ ಸುರಿದರೆ ಕೊಳೆ ರೋಗ ಹಬ್ಬುತ್ತದೆಂದು ಅದಕ್ಕೆ ಮುಂಚೆಯೇ ಮೊದಲ ಸಿಂಪಡಣೆ ಮುಗಿಸುವ ಆತುರ. ಮರ ಹತ್ತುವ ಕೊನೆಗೌಡರು ಸಿಗದಿದ್ದಾಗ ಮನೆಯವರ ಚಿಂತೆ. ಇದರಲ್ಲಿ ಒಂದು ಪ್ಯಾರಾ ಕ್ರಮವನ್ನು ಹೇಳುತ್ತದೆ, ಒಂದು ಕಾರಣವನ್ನು ಹೇಳುತ್ತದೆ, ಇನ್ನೊಂದು ಕಷ್ಟವನ್ನು ಹೇಳುತ್ತದೆ. ಒಂದು ಪ್ಯಾರಾಕ್ಕೆ ಒಂದೇ ಮಾತು, ಆ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿ ಉಳಿದ ವಾಕ್ಯಗಳಲ್ಲಿ ಅದಕ್ಕೆ ಆಧಾರ ಕೊಡುವುದು: ಇಂಗ್ಲಿಷ್ ಪ್ರಬಂಧದ ಮೌಲ್ಯಮಾಪಕರು ಹುಡುಕುವುದು ಮುಖ್ಯವಾಗಿ ಇದನ್ನು. ಬರೆಯುವ ಮುನ್ನ ಈ ಮೂರು ಮೊದಲ ವಾಕ್ಯಗಳನ್ನಷ್ಟೇ ಬರೆದುಕೊಂಡು, ಒಂದಾದ ಮೇಲೊಂದು ಓದಿದಾಗ ಅರ್ಥವಾಗುತ್ತದೆಯೇ ಎಂದು ನೋಡಿ. ಅರ್ಥವಾಗದಿದ್ದರೆ ಮುಂದಿನ ಬರವಣಿಗೆಯಿಂದಲೂ ಆಗುವುದಿಲ್ಲ.

ದಿನಕ್ಕೆ ಹತ್ತು ಪದಗಳ ಬಾಯಿಪಾಠವನ್ನು ನಿಲ್ಲಿಸಿಬಿಡಿ ಎನ್ನುತ್ತೇನೆ. ಒಂಟಿಯಾಗಿ ಕಲಿತ ಪದ ಅರ್ಥದ ಪರೀಕ್ಷೆಗೆ ಉಪಯೋಗಕ್ಕೆ ಬರಬಹುದು, ಬರೆಯುವಾಗ ಕೈಗೆ ಸಿಗುವುದಿಲ್ಲ. ಪದಗಳು ಜೊತೆಗಾರರೊಡನೆ ಬರುತ್ತವೆ. ನಮ್ಮ ಮಲೆನಾಡಿನ ಜೋರು ಮಳೆ ಇಂಗ್ಲಿಷಿನಲ್ಲಿ 'ಹೆವಿ ರೇನ್', ಜೋರು ಗಾಳಿ 'ಸ್ಟ್ರಾಂಗ್ ವಿಂಡ್'. ಒಂದರ ವಿಶೇಷಣವನ್ನು ಇನ್ನೊಂದಕ್ಕೆ ಹಚ್ಚಿದರೆ ಓದುವವರಿಗೆ ಅಪರಿಚಿತವೆನಿಸುತ್ತದೆ. ತಪ್ಪಿಗೆ 'ಮೇಕ್', ಹೋಮ್‌ವರ್ಕಿಗೆ 'ಡೂ'. ಆದ್ದರಿಂದ ವಾರಕ್ಕೆ ಹದಿನೈದು ಇಪ್ಪತ್ತು ಪದಗಳು ಸಾಕು, ಆದರೆ ಪ್ರತಿಯೊಂದನ್ನೂ ನೀವು ಓದಿದ ವಾಕ್ಯದ ಸಮೇತ ಬರೆದುಕೊಂಡು, ಅದರ ಕೆಳಗೆ ನಿಮ್ಮದೇ ಒಂದು ವಾಕ್ಯವನ್ನು ಬರೆಯಿರಿ. ಕನ್ನಡ ಅರ್ಥ ಕೊಡುವ ನಿಘಂಟಿನ ಜೊತೆಗೆ, ಇಂಗ್ಲಿಷ್ ಕಲಿಯುವವರಿಗೆಂದೇ ಎರಡು ಮೂರು ಸಾವಿರ ಸರಳ ಪದಗಳಲ್ಲಿ ಎಲ್ಲವನ್ನೂ ವಿವರಿಸುವ ಒಂದು ನಿಘಂಟನ್ನೂ ಇಟ್ಟುಕೊಳ್ಳಿ. ಜೊತೆಪದಗಳು ಅದರಲ್ಲಿ ಉದಾಹರಣೆಗಳಾಗಿ ಸಿಗುತ್ತವೆ.

ಪ್ರಶ್ನೆ: ಇಂಗ್ಲಿಷ್ ಮಾಧ್ಯಮದಲ್ಲಿ ಏಳನೇ ತರಗತಿ ಓದುತ್ತಿರುವ ನನ್ನ ಮಗನಿಗೆ ಕನ್ನಡ ಕಥೆ ಪುಸ್ತಕಗಳ ಹುಚ್ಚು. ಮನೆಯಲ್ಲಿಯೂ ಇಂಗ್ಲಿಷನ್ನೇ ಓದಿಸಿ, ಇಲ್ಲವಾದರೆ ಭಾಷೆ ಸುಧಾರಿಸುವುದಿಲ್ಲ ಎಂದು ಶಾಲೆಯಲ್ಲಿ ಹೇಳುತ್ತಿದ್ದಾರೆ. ಕನ್ನಡ ಪುಸ್ತಕಗಳನ್ನು ನಿಲ್ಲಿಸಬೇಕೇ?
(ಗೃಹಿಣಿ, ತೀರ್ಥಹಳ್ಳಿ)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ, ತಾಯಿ. ಕಥೆಯ ಎಳೆ ಹಿಡಿಯುವುದು, ಹೇಳದೆ ಬಿಟ್ಟದ್ದನ್ನು ಊಹಿಸುವುದು, ಮುಂದೇನೆಂದು ಯೋಚಿಸುವುದು ಇವೆಲ್ಲ ಓದುವ ಕೌಶಲಗಳು. ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಒದಗುತ್ತವೆ. ನಿಮ್ಮ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, 1966ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಕಥೆ ಕಾದಂಬರಿಗಳನ್ನು ಬರೆದದ್ದು ಕನ್ನಡದಲ್ಲಿ. ಎರಡು ಭಾಷೆಗಳು ಒಂದೇ ತಲೆಯಲ್ಲಿ ಒಂದನ್ನೊಂದು ತಳ್ಳಿಹಾಕುವುದಿಲ್ಲ.

ಕನ್ನಡವನ್ನು ಕಿತ್ತುಕೊಳ್ಳುವ ಬದಲು ಇಂಗ್ಲಿಷನ್ನು ಸೇರಿಸಿ. ಆಯ್ಕೆ ಮಾಡುವಾಗ ಮಗನ ತರಗತಿಯನ್ನು ನೋಡಬೇಡಿ, ಪುಟವನ್ನು ನೋಡಿ. ಯಾರ ಸಹಾಯವೂ ಇಲ್ಲದೆ ಆರಾಮವಾಗಿ ಓದಿ ಅರ್ಥಮಾಡಿಕೊಳ್ಳಬೇಕಾದರೆ ನೂರಕ್ಕೆ ಸುಮಾರು 98 ಪದಗಳು ಗೊತ್ತಿರಬೇಕೆಂಬುದು ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಮತ್ತು ಅವರ ಜೊತೆಗಾರರ ಸಂಶೋಧನೆಯಿಂದ ಬಂದ ಅಂದಾಜು. ಅಂದರೆ 250 ಪದಗಳ ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಹೊಸ ಪದಗಳಿದ್ದರೆ ಆ ಪುಸ್ತಕ ಸದ್ಯಕ್ಕೆ ಭಾರ. ಏಳನೇ ತರಗತಿಯ ಹುಡುಗ ನಾಲ್ಕನೇ ತರಗತಿಯವರ ಪುಸ್ತಕವನ್ನು ಸಂತೋಷದಿಂದ ಓದಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪ್ರತಿ ಪುಟಕ್ಕೂ ಅರ್ಥ ಕೇಳಿ ಪರೀಕ್ಷೆ ಮಾಡಬೇಡಿ. ರಾತ್ರಿ ಊಟದ ಹೊತ್ತಿಗೆ ಅವನು ಆ ಕಥೆಯನ್ನು ಕನ್ನಡದಲ್ಲೇ ನಿಮಗೆ ಹೇಳಲಿ. ಎಲ್ಲಿ ಅರ್ಥವಾಗಿಲ್ಲವೋ ಅಲ್ಲಿ ಕಥೆ ತಡವರಿಸುತ್ತದೆ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಅದು ಗೊತ್ತಾಗುತ್ತದೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ದಿನವೂ ಓದುತ್ತೇನೆ. ಒಂದನ್ನು ಮುಗಿಸಲು ಒಂದೂವರೆ ಗಂಟೆ ಬೇಕು. ಮುಂದುವರಿಸಲೇ?
(ಉದ್ಯೋಗಾಕಾಂಕ್ಷಿ, ಸಾಗರ)

ಉತ್ತರ: ಸದ್ಯಕ್ಕೆ ಬೇಡ. ಪತ್ರಿಕೆಯನ್ನು ಸಲೀಸಾಗಿ ಓದಲು ಎಂಟು ಒಂಬತ್ತು ಸಾವಿರ ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಪರಿಚಯ ಬೇಕೆಂದು ಮೇಲೆ ಹೇಳಿದ ನೇಷನ್ ಅವರೇ 2006ರಲ್ಲಿ ಲೆಕ್ಕ ಹಾಕಿದ್ದಾರೆ, ಸಂಪಾದಕೀಯವಂತೂ ಪತ್ರಿಕೆಯ ಕಠಿಣ ಭಾಗ. ನೀವು ಮೊದಲು ಸ್ಥಳೀಯ ಸುದ್ದಿಯನ್ನು ಓದಿ. ಲಿಂಗನಮಕ್ಕಿಯ ನೀರಿನ ಮಟ್ಟ, ಅಡಿಕೆ ಧಾರಣೆ, ಆಗುಂಬೆ ಘಾಟಿಯ ಸಂಚಾರ ಇವುಗಳನ್ನು ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ನೋಡಿಕೊಂಡು, ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹುಡುಕಿ. ವಿಷಯ ಆಗಲೇ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ. ಓದಿದ ಮೇಲೆ ಪತ್ರಿಕೆ ಮುಚ್ಚಿ, ಸುದ್ದಿಯನ್ನು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು, ಮತ್ತೆ ತೆರೆದು ಹೋಲಿಸಿ ನೋಡಿ. ಒಂದು ಸುದ್ದಿಗೆ ಇಪ್ಪತ್ತು ನಿಮಿಷ ಸಾಕಾಗುವ ಹಂತಕ್ಕೆ ಬಂದ ಮೇಲೆ ವಾರಕ್ಕೊಂದು ಸಂಪಾದಕೀಯವನ್ನು ಸೇರಿಸಿಕೊಳ್ಳಿ, ಅದರ ಮೊದಲ ಓದಿನಲ್ಲಿ ನಿಘಂಟನ್ನು ತೆರೆಯಬೇಡಿ.