ಪಿಕಪ್ಪಿನ ಮೂತಿ ಎತ್ತುವ ಮುನ್ನ: ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಮುಂಭಾಗದ ಸಸ್ಪೆನ್ಶನ್ ಎತ್ತರಿಸುವ ಲೆವೆಲಿಂಗ್ ಕಿಟ್ ಬಗ್ಗೆ ಬಂದ ಪತ್ರಗಳು ಈ ಸಲ ಹೆಚ್ಚು. ಬಹುಪಾಲು ಅಮೆರಿಕದ ಕನ್ನಡಿಗರವು, ಒಂದು ಮಾತ್ರ ಚಿಕ್ಕಮಗಳೂರಿನದು.

ಪ್ರಶ್ನೆ: ನನ್ನದು 2018ರ ಫೋರ್ಡ್ ಎಫ್-150, ಸೂಪರ್‌ಕ್ರ್ಯೂ, ಫೋರ್ ಬೈ ಫೋರ್. ಎರಡು ಇಂಚು ಎತ್ತುವ ಕಿಟ್ ತರಿಸಿದೆ. ಡಬ್ಬ ಬಿಚ್ಚಿದರೆ ಸ್ಪೇಸರ್‌ನ, ಅಂದರೆ ಎತ್ತರಿಸುವ ಬಿಲ್ಲೆಯ, ದಪ್ಪ ಒಂದು ಇಂಚಿನ ಆಸುಪಾಸು ಮಾತ್ರ. ಮೋಸ ಹೋದೆನೇ?
– ಫ್ರಿಸ್ಕೊ, ಟೆಕ್ಸಾಸ್

ಉತ್ತರ: ಇಲ್ಲ, ಸರಿಯಾದ ವಸ್ತುವೇ ಬಂದಿದೆ. ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಕೆಳತುದಿ ಕೂತಿರುವುದು ಚಕ್ರವನ್ನು ಚಾಸಿಗೆ ಜೋಡಿಸುವ ಕೆಳತೋಳಾದ ಲೋವರ್ ಆರ್ಮ್‌ನ ನಡುಭಾಗದಲ್ಲಿ, ಚಕ್ರ ಇರುವುದು ಆರ್ಮ್‌ನ ತುದಿಯಲ್ಲಿ. ನಡುವನ್ನು ಒಂದು ಇಂಚು ಕೆಳಗೆ ಒತ್ತಿದರೆ ತುದಿ ಹೆಚ್ಚುಕಡಿಮೆ ಎರಡು ಇಂಚು ಇಳಿಯುತ್ತದೆ, ಅಂದರೆ ಗಾಡಿ ಅಷ್ಟು ಏಳುತ್ತದೆ. ‘ಇನ್ನೊಂದು ಅರ್ಧ ಇಂಚಿನ ಬಿಲ್ಲೆ ಸೇರಿಸೋಣ’ ಎಂದು ಒಂದರ ಮೇಲೊಂದು ಸ್ಪೇಸರ್ ಪೇರಿಸಬಾರದು ಅನ್ನುವುದೂ ಇದಕ್ಕೇ. ನೀವು ಅರ್ಧ ಅಂದುಕೊಂಡದ್ದು ಚಕ್ರದಲ್ಲಿ ಒಂದು ಇಂಚಾಗಿರುತ್ತದೆ.

ಕಿಟ್ ಹಾಕುವ ಮುನ್ನ ಅಳತೆ ತೆಗೆಯಿರಿ. ಸಮತಟ್ಟಾದ ಕಾಂಕ್ರೀಟಿನ ಮೇಲೆ ಗಾಡಿ ನಿಲ್ಲಿಸಿ, ಟೈರಿನ ಗಾಳಿ ಸರಿ ಮಾಡಿ, ಬಾಗಿಲ ಕೆಳಗಿನ ಅಂಚು ನೆಲದಿಂದ ಎಷ್ಟಿದೆ ಎಂದು ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ ಟೇಪ್ ಹಿಡಿದು ನೋಡಿ. ಮಡ್‌ಗಾರ್ಡ್ ಅಂಚುಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಮುಂದಿನ ಮತ್ತು ಹಿಂದಿನ ಕಮಾನುಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿರಬೇಕೆಂದೇನಿಲ್ಲ. ಕಿಟ್ ಹಾಕಿದ ಮೇಲೆ ಎಷ್ಟು ಎದ್ದಿತು ಎಂದು ತಿಳಿಯಲು ಮಾತ್ರ ಚಕ್ರದ ಹಬ್‌ನ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಟೈರ್ ಬದಲಾದರೂ ಈ ಅಳತೆ ಕೆಡುವುದಿಲ್ಲ.

ಕಾರ್ಖಾನೆಯವರು ಮೂತಿಯನ್ನು ತಗ್ಗಿಸಿರುವುದು ಅಂದಕ್ಕಲ್ಲ. ಹಿಂದೆ ಭಾರ ಬಿದ್ದಾಗ ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಕುಸಿದು ಗಾಡಿ ಮಟ್ಟಕ್ಕೆ ಬರಲಿ ಎಂದು. ಆ ವಾಲನ್ನು ಪೂರ್ತಿ ಅಳಿಸಬೇಡಿ. ಎರಡೂಕಾಲು ಇಂಚು ವ್ಯತ್ಯಾಸವಿದ್ದರೆ ಒಂದೂವರೆ ಸಾಕು, ಎರಡು ಕೊನೆಯ ಗಡಿ. ಸ್ಪೇಸರ್ ಒಂದನ್ನೇ ನಂಬಿ ಎರಡೂವರೆ ದಾಟಿದರೆ ಮೇಲಿನ ಬಾಲ್ ಜಾಯಿಂಟ್ (ಗುಂಡು ಕೀಲು) ಮತ್ತು ಆಕ್ಸಲ್ ಜಾಯಿಂಟುಗಳ ಕೋನ ಕೆಡುತ್ತದೆ. ಆಗ ಅಪ್ಪರ್ ಆರ್ಮ್ (ಮೇಲಿನ ತೋಳು) ಸಹ ಬದಲಿಸಬೇಕಾಗುತ್ತದೆ, ಖರ್ಚು ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಪ್ರಶ್ನೆ: ಇದೇ ಮಾದರಿಯ ಗಾಡಿ. ಸ್ಟ್ರಟ್ ಮೇಲೆ ಕೂರುವ ಸ್ಪೇಸರನ್ನು ಮನೆಯ ಗ್ಯಾರೇಜಿನಲ್ಲೇ ಹಾಕಬೇಕೆಂದಿದ್ದೇನೆ. ಕ್ರಮವಾಗಿ ಹೇಳುತ್ತೀರಾ?
– ನೇಪರ್‌ವಿಲ್, ಇಲಿನಾಯ್

ಉತ್ತರ: ಮೊದಲ ಸಲ ಮಾಡುವವರು ಒಂದು ಇಡೀ ದಿನ ಬಿಡುವು ಮಾಡಿಕೊಳ್ಳಿ. ಬೇಕಾದವು: ಮೂರು ಟನ್ನಿನ ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಮಿಲಿಮೀಟರ್ ಸಾಕೆಟ್ ಸೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಒಂದೂವರೆ ಕೆ.ಜಿ.ಯ ಸುತ್ತಿಗೆ, ಮೀಟುಗೋಲು, ಗಟ್ಟಿ ತಂತಿ, ಬಿಳಿ ಪೇಂಟ್ ಮಾರ್ಕರ್. ನಿಮ್ಮ ಊರಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬಿಚ್ಚಬೇಕಾದ ಪ್ರತಿ ನಟ್ಟಿಗೂ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗ ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಿ. ಆರ್ಮ್‌ನ ಕೆಳಗೆ ಬೇಡ, ಅದು ಆಡಬೇಕು. ಎರಡೂ ಮುಂಚಕ್ರ ಬಿಚ್ಚಿ. ಎರಡೂ ಬದಿಯ ಆರ್ಮ್‌ಗಳನ್ನು ಕೂಡಿಸುವ ಸ್ವೇ ಬಾರ್‌ನ ಲಿಂಕುಗಳನ್ನು ಎರಡೂ ಬದಿಯಲ್ಲಿ ಒಟ್ಟಿಗೇ ಕಳಚಿ. ಒಂದೇ ಬದಿ ಕಳಚಿ ಹೊರಟವರು, ಆಮೇಲೆ ಆರ್ಮ್ ಕೆಳಗೆ ಬಗ್ಗುತ್ತಿಲ್ಲವೆಂದು ಮೀಟುಗೋಲಿಗೆ ಜೋತುಬೀಳುತ್ತಾರೆ. ಬಗ್ಗಲು ಬಿಡದಿರುವುದು ಇನ್ನೊಂದು ಬದಿಗೆ ಕಟ್ಟಿಕೊಂಡಿರುವ ಆ ಬಾರೇ.

ನಂತರ ಬ್ರೇಕ್ ಹೋಸಿನ ಬ್ರಾಕೆಟ್ ಮತ್ತು ಎಬಿಎಸ್ ವೈರಿನ ಕ್ಲಿಪ್ಪುಗಳನ್ನು ಬಿಡಿಸಿ. ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಟೈ ರಾಡ್ ತುದಿಯ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಉಳಿಸಿ. ರಾಡ್ ತೂರಿರುವ ನಕಲ್‌ನ (ಚಕ್ರದ ಹಬ್ಬನ್ನು ಹಿಡಿದಿರುವ ಲೋಹದ ತುಂಡು) ಉಬ್ಬುಭಾಗಕ್ಕೆ ಪಕ್ಕದಿಂದ ಸುತ್ತಿಗೆಯ ಗಟ್ಟಿ ಪೆಟ್ಟು ಕೊಡಿ. ಟೇಪರ್, ಅಂದರೆ ಕಿರಿದಾಗುತ್ತ ಹೋಗುವ ಆ ತುದಿ, ‘ಟಪ್’ ಎಂದು ಬಿಡುತ್ತದೆ. ಕವಲು ಬಾಯಿಯ ಫೋರ್ಕ್ ತೂರಿಸಿ ಬಡಿದರೆ ರಬ್ಬರ್ ಬೂಟ್ ಹರಿಯುವುದು ಖಂಡಿತ, ಬೂಟ್ ಹರಿದ ಜಾಯಿಂಟ್‌ಗೆ ಆಯುಸ್ಸಿಲ್ಲ. ಲೋವರ್ ಆರ್ಮ್‌ಗೆ ಜಾಕಿನ ಆಸರೆ ಕೊಟ್ಟು ಮೇಲಿನ ಬಾಲ್ ಜಾಯಿಂಟನ್ನೂ ಇದೇ ರೀತಿ ಬಿಡಿಸಿ.

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಬಾಲ್ ಜಾಯಿಂಟ್ ಬಿಟ್ಟೊಡನೆ ನಕಲ್ ಹೊರಕ್ಕೆ ವಾಲುತ್ತದೆ. ಹಾಗೇ ಬಿಟ್ಟರೆ ಅದರ ಭಾರವೆಲ್ಲ ಬ್ರೇಕ್ ಹೋಸಿನ ಮೇಲೆ ಬೀಳುತ್ತದೆ, ಆಕ್ಸಲ್ ಶಾಫ್ಟ್ ಎಳೆದುಕೊಂಡು ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ತಂತಿಯಿಂದ ನಕಲ್ಲನ್ನು ಅಪ್ಪರ್ ಆರ್ಮ್‌ಗೆ ಬಿಗಿದು ಕಟ್ಟಿ. ಎಫ್-150 ಫೋರ್ ಬೈ ಫೋರ್‌ನಲ್ಲಿ ನಕಲ್ ಹಿಂದೆ ಸಣ್ಣ ವ್ಯಾಕ್ಯೂಮ್ ಪೈಪು ಬೇರೆ ಇದೆ. ಟೂ ವೀಲ್ ಡ್ರೈವ್‌ನಲ್ಲಿ ಓಡುವಾಗ ಹಬ್ಬನ್ನು ಆಕ್ಸಲ್‌ನಿಂದ ಬೇರ್ಪಡಿಸಿ ಹಿಡಿಯುವುದು ಆ ವ್ಯಾಕ್ಯೂಮ್. ಪೈಪು ಮಡಚಿದರೆ, ಸೀಳಿದರೆ ಹಬ್ಬಿನ ಹಲ್ಲುಗಳು ಅರ್ಧಂಬರ್ಧ ಕೂಡಿಕೊಂಡು ‘ಕರಕರ’ ಎಂದು ಅರೆಯುತ್ತವೆ. ಜನ ಬೇರಿಂಗ್ ಹೋಯಿತೆಂದು ಬದಲಿಸಿ ದುಡ್ಡು ಕಳೆಯುತ್ತಾರೆ.

ಸ್ಟ್ರಟ್‌ನ ಕೆಳಗಿನ ಎರಡು ನಟ್ಟು, ಮೇಲಿನ ಮೂರು ನಟ್ಟು ತೆಗೆದು ಸ್ಟ್ರಟ್ ಹೊರಗೆಳೆಯಿರಿ. ತೆಗೆಯುವ ಮುನ್ನ ಗಾಡಿಯ ಹೊರಬದಿ ಯಾವುದೆಂದು ಟಾಪ್ ಪ್ಲೇಟಿನ ಮೇಲೆ ಮಾರ್ಕರಿನಿಂದ ಗೆರೆ ಹಾಕಿಟ್ಟುಕೊಳ್ಳಿ. ನಡುವಿನ ದೊಡ್ಡ ನಟ್ಟನ್ನು ಮುಟ್ಟಬೇಡಿ. ಅದರಡಿ ಸ್ಪ್ರಿಂಗ್ ಅದುಮಿಕೊಂಡು ಕೂತಿದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಆ ನಟ್ಟು ಬಿಚ್ಚಿದರೆ ಹಾರುವ ಸ್ಪ್ರಿಂಗ್ ಜೀವಕ್ಕೇ ಕುತ್ತು. ಸ್ಪ್ರಿಂಗಿಗೂ ಟಾಪ್ ಪ್ಲೇಟಿಗೂ ನಡುವೆ ಸೇರಿಸುವ ಪ್ರೀಲೋಡ್ ಸ್ಪೇಸರ್‌ಗಳನ್ನು ಮನೆಯಲ್ಲಿ ಹಾಕಬೇಡಿ ಎಂದು ನಾವು ಹೇಳುವುದು ಇದಕ್ಕೇ.

ಸ್ಪೇಸರನ್ನು ಹಳೆಯ ನಟ್ಟುಗಳಿಂದ ಸ್ಟ್ರಟ್ ಮೇಲೆ ಕೂರಿಸಿ. ಕಿಟ್ಟಿನ ಹೊಸ ಸ್ಟಡ್ಡುಗಳು ಟವರಿನ, ಅಂದರೆ ಚಾಸಿಯಲ್ಲಿ ಸ್ಟ್ರಟ್‌ನ ಮೇಲ್ತುದಿ ಕೂರುವ ಜಾಗದ, ತೂತಿಗೆ ಹೋಗುತ್ತವೆ. ಅಲ್ಯೂಮಿನಿಯಂ ಸ್ಪೇಸರ್ ಆಗಿದ್ದರೆ ಉಕ್ಕು ತಾಗುವ ಕಡೆ ತುಕ್ಕು ತಡೆಯುವ ಪೇಸ್ಟ್ ಸವರಿ. ಉಪ್ಪುನೀರು ಸೇರಿದರೆ ಎರಡು ಲೋಹ ಒಂದನ್ನೊಂದು ಬಿಡದಂತೆ ಕಚ್ಚಿಕೊಳ್ಳುತ್ತವೆ. ಮೇಲಿನ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿ, ಮೀಟುಗೋಲಿನಿಂದ ಆರ್ಮ್ ಕೆಳಗೊತ್ತಿ ಸ್ಟ್ರಟ್‌ನ ಕೆಳತುದಿಯನ್ನು ತೂತಿಗೆ ಕೂಡಿಸಿ. ಆಮೇಲೆ ಜಾಕಿನಿಂದ ಲೋವರ್ ಆರ್ಮ್ ಎತ್ತಿ ಬಾಲ್ ಜಾಯಿಂಟ್ ಸೇರಿಸಿ. ಜಾಕ್ ಎತ್ತುವ ಭರದಲ್ಲಿ ಗಾಡಿಯೇ ಸ್ಟ್ಯಾಂಡಿನಿಂದ ಮೇಲೇಳದಂತೆ ಒಂದು ಕಣ್ಣಿಡಿ.

ಬಿಗಿಯುವ ಬಲವನ್ನು ಕಿಟ್ಟಿನ ಹಾಳೆ ಮತ್ತು ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. ಸ್ಪೇಸರಿನ ತೆಳು ಸ್ಟಡ್ಡುಗಳಿಗೆ ಇಂಪ್ಯಾಕ್ಟ್ ಗನ್ ಹಿಡಿದರೆ ಅವು ಬುಡದಲ್ಲೇ ತುಂಡಾಗುತ್ತವೆ. ನಿಮ್ಮ ಗಾಡಿಯ ವೀಲ್ ನಟ್ಟಿಗೆ 150 ಪೌಂಡ್-ಅಡಿ, ಅಂದರೆ 204 ನ್ಯೂಟನ್-ಮೀಟರ್. 100 ಮೈಲಿ ಓಡಿಸುವುದರೊಳಗೆ ಮತ್ತೊಮ್ಮೆ ಬಿಗಿ ನೋಡಬೇಕೆಂದು ಫೋರ್ಡ್ ಕೈಪಿಡಿಯೇ ಹೇಳುತ್ತದೆ. ಅದೇ ಹೊತ್ತಿಗೆ ಸ್ಪೇಸರ್ ನಟ್ಟುಗಳನ್ನೂ ನೋಡಿಬಿಡಿ.

ಟೊಯೊಟಾ ಹೈಲಕ್ಸ್‌ನಂತೆ ಸ್ಟ್ರಟ್‌ನ ಕೆಳಗೆ ಒಂದೇ ಉದ್ದ ಬೋಲ್ಟ್ ಇರುವ ಗಾಡಿಗಳವರಿಗೆ ಒಂದು ಸೇರ್ಪಡೆ. ಆ ಬೋಲ್ಟಿನ ಕೊನೆಯ ಬಿಗಿತವನ್ನು ಚಕ್ರ ನೆಲದ ಮೇಲೆ ನಿಂತು ಗಾಡಿಯ ಭಾರ ಬಿದ್ದ ಮೇಲೆ ಕೊಡಿ. ನೇತಾಡುವಾಗಲೇ ಬಿಗಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಪ್ರಶ್ನೆ: ಕಿಟ್ ಹಾಕಿದ ಮೇಲೆ ಸ್ಟೇರಿಂಗ್ ಸರಿಯಾಗಿಯೇ ಇದೆ. ಆದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕೇ? ಎದುರಿನವರು ಲೈಟ್ ಮಿಟುಕಿಸಿ ಬೈಯುತ್ತಿದ್ದಾರೆ, ಅದೇಕೆ?
– ಎಡಿಸನ್, ನ್ಯೂಜೆರ್ಸಿ

ಉತ್ತರ: ಮಾಡಿಸಲೇಬೇಕು. ಆರ್ಮ್ ಕೆಳಗಿಳಿದಾಗ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವುದು), ಟೋ (ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮೂರೂ ಜಾಗ ಬಿಡುತ್ತವೆ. ಅದರಲ್ಲಿ ಟೈರ್ ತಿನ್ನುವುದು ಟೋ. ಸ್ಟೇರಿಂಗ್ ನೆಟ್ಟಗೆ ನಿಂತಿದೆ ಎನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ, ಎರಡೂ ಚಕ್ರ ಸಮವಾಗಿ ತಪ್ಪಿದರೂ ಅದು ನೆಟ್ಟಗೇ ಇರುತ್ತದೆ. ಮೊದಲು ಒಂದೆರಡು ದಿನ ಓಡಿಸಿ ಸ್ಪ್ರಿಂಗ್ ಕೂರಲಿ, ಆಮೇಲೆ ಹೋಗಿ.

ಇನ್ನು ಲೈಟು. ನಿಮ್ಮ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 145 ಇಂಚು ಎಂದಿಟ್ಟುಕೊಳ್ಳಿ. ಮೂತಿ 2 ಇಂಚು ಎದ್ದರೆ, 25 ಅಡಿ ಅಂದರೆ 300 ಇಂಚು ದೂರದ ಗೋಡೆಯ ಮೇಲೆ ಬೆಳಕು 300ನ್ನು 145ರಿಂದ ಭಾಗಿಸಿ 2ರಿಂದ ಗುಣಿಸಿದಷ್ಟು, ಸುಮಾರು 4 ಇಂಚು, ಮೇಲೇಳುತ್ತದೆ. ಲ್ಯಾಂಪ್ ತಾನೇ ಮೇಲಕ್ಕೆ ಹೋದದ್ದು ಬೇರೆ. 250 ಅಡಿ ಆಚೆಯ ಕಾರಿಗೆ ಅದು 40 ಇಂಚು, ನೇರ ಚಾಲಕನ ಕಣ್ಣಿಗೆ. ಕಿಟ್ ಹಾಕುವ ಮುನ್ನವೇ 25 ಅಡಿ ದೂರದ ಗೋಡೆಯ ಮೇಲೆ ಡಿಪ್ ಲೈಟಿನ ಮೇಲಂಚಿಗೆ ಟೇಪ್ ಅಂಟಿಸಿ, ಅದು ಲ್ಯಾಂಪಿನ ನಡುಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ಬರೆದಿಡಬೇಕು. ಹಾಕಿದ ಮೇಲೆ ಲ್ಯಾಂಪಿನ ಹೊಸ ಎತ್ತರದಿಂದ ಅಷ್ಟೇ ಕೆಳಕ್ಕೆ ಇಳಿಸಬೇಕು. ಆ ಅಳತೆ ಈಗ ನಿಮ್ಮಲ್ಲಿಲ್ಲದಿದ್ದರೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿರುವಂತೆ ಹೊಂದಿಸಿ. ಗ್ರಿಲ್ ಹಿಂದೆ ಕ್ರೂಸ್ ಕಂಟ್ರೋಲ್ ರೇಡಾರ್ ಇದ್ದರೆ ಅದರ ನೋಟವೂ ಇದೇ ಲೆಕ್ಕದಲ್ಲಿ ಆಕಾಶ ನೋಡುತ್ತಿರುತ್ತದೆ. ಅದನ್ನು ಡೀಲರ್ ಹತ್ತಿರವೇ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಷೆವರ್ಲೆ ಸಿಲ್ವರಾಡೊ 1500 ಪಿಕಪ್ಪಿಗೆ ಸ್ಪೇಸರ್ ಹಾಕಿ ತಿಂಗಳಾಯಿತು. ಸ್ಪೀಡ್ ಬ್ರೇಕರ್ ಇಳಿಯುವಾಗ ಮುಂದೆ ‘ಟಕ್’ ಎಂಬ ಸದ್ದು.
– ಟ್ರಾಯ್, ಮಿಷಿಗನ್

ಉತ್ತರ: ಸದ್ದು ಯಾವಾಗ ಬರುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಸಣ್ಣ ಗುಂಡಿಗೂ ಬರುತ್ತಿದ್ದರೆ ಮೇಲಿನ ಮೂರು ನಟ್ಟು ಸಡಿಲವಾಗಿವೆ. ಸ್ಪೇಸರಿನ ದಪ್ಪ ಪೌಡರ್ ಕೋಟಿಂಗ್ ಕೆಲವು ದಿನದಲ್ಲಿ ಅದುಮಿಕೊಂಡು ತೆಳುವಾಗುತ್ತದೆ, ಬಿಗಿದ ನಟ್ಟು ತಾನಾಗಿ ಸಡಿಲಗೊಳ್ಳುತ್ತದೆ. ಮತ್ತೆ ಟಾರ್ಕ್ ಕೊಟ್ಟು ನಟ್ಟಿನಿಂದ ಲೋಹದವರೆಗೆ ಒಂದು ಬಿಳಿ ಗೆರೆ ಎಳೆಯಿರಿ. ವಾರ ಕಳೆದು ಗೆರೆ ಮುರಿದಿದ್ದರೆ ನಟ್ಟು ಸರಿದಿದೆ ಎಂದರ್ಥ. ಒಂದೇ ಚಕ್ರ ಏರಿಳಿದಾಗ ಸದ್ದಾದರೆ ಸ್ವೇ ಬಾರ್ ಲಿಂಕ್. ಒಬ್ಬರು ಗಾಡಿ ಅಲುಗಾಡಿಸಲಿ, ನೀವು ಲಿಂಕ್ ಮೇಲೆ ಬೆರಳಿಟ್ಟು ನೋಡಿ. ಟಕ್ಕೆನ್ನುವುದು ಬೆರಳಿಗೇ ತಿಳಿಯುತ್ತದೆ.

ಬ್ರೇಕರ್ ದಾಟಿ ಚಕ್ರ ಪೂರ್ತಿ ಇಳಿದಾಗ ಮಾತ್ರ ಬಂದರೆ ಅಪ್ಪರ್ ಆರ್ಮ್ ಸ್ಪ್ರಿಂಗಿಗೆ ತಾಗುತ್ತಿದೆ. ಆರ್ಮ್‌ನ ಒಳಬದಿಯಲ್ಲಿ ಬಣ್ಣ ಕಿತ್ತ ಹೊಳಪು ಗುರುತು ಹುಡುಕಿ. ಸಿಕ್ಕಿದರೆ ಸ್ಪೇಸರ್ ಹೆಚ್ಚಾಯಿತು, ಇಳಿಸಿ. ದೊಡ್ಡ ಗುಂಡಿಗೆ ಬಿದ್ದು ಸ್ಟ್ರಟ್ ಪೂರ್ತಿ ಅದುಮಿದಾಗ ‘ಧಡ್’ ಎಂದರೂ ಕಾರಣ ಅದೇ. ಚಾಸಿಯ ರಬ್ಬರ್ ಬಂಪ್ ಸ್ಟಾಪ್ ತಾಗುವ ಮೊದಲೇ ಸ್ಟ್ರಟ್ ತಳ ಮುಟ್ಟುತ್ತಿದೆ. ಹಾಗೇ ಓಡಿಸಿದರೆ ಒಳಗಿನ ವಾಲ್ವು ಒಡೆದು ಎಣ್ಣೆ ಸೋರುತ್ತದೆ.

ಪ್ರಶ್ನೆ: 2500 ಎಚ್‌ಡಿ ಸಿಲ್ವರಾಡೊಗೂ ಇದೇ ಕಿಟ್ ಆಗುತ್ತದೆಯೇ?
– ಸ್ಯಾನ್ ಆಂಟೋನಿಯೊ

ಉತ್ತರ: ಆಗುವುದಿಲ್ಲ. ಅದರ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಶನ್ ಬಾರ್ ಇದೆ. ಬಾರ್‌ನ ತುದಿ ಹಿಡಿದಿರುವ ಕೀ ಎಂಬ ತುಂಡನ್ನು ಬದಲಿಸಬೇಕು, ಅದಕ್ಕೆ ಒತ್ತಡ ಇಳಿಸುವ ವಿಶೇಷ ಟೂಲ್ ಬೇಕು. ಸಾಮಾನ್ಯ ಸಿ-ಕ್ಲಾಂಪ್ ಹಿಡಿದು ಪ್ರಯತ್ನಿಸಬೇಡಿ, ಜಾರಿದರೆ ಕೈ ಹೋಗುತ್ತದೆ. ಜತೆಗೆ ಶಾಕ್ ಅಬ್ಸಾರ್ಬರಿಗೆ ಎಕ್ಸ್‌ಟೆಂಡರ್ ಹಾಕಿಸಿ.

ಪ್ರಶ್ನೆ: ನಮ್ಮ ತೋಟದಲ್ಲಿ ಇಸುಜು ವಿ-ಕ್ರಾಸ್ ಇದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿದ ಮೇಲೆ ಮೂತಿ ತಗ್ಗಿದೆ. ಬೆಂಗಳೂರಿನಲ್ಲಿ ಲೆವೆಲಿಂಗ್ ಸ್ಪೇಸರ್ ಸಿಗುತ್ತದಂತೆ. ಹಾಕಿಸಲೇ, ಸಾರ್?
– ಚಿಕ್ಕಮಗಳೂರು

ಉತ್ತರ: ಮೊದಲು ಬುಲ್ ಬಾರ್ ಬಿಚ್ಚಿಸಿ ಅಳೆಯಿರಿ. ಮೂತಿ ತಗ್ಗಿಸಿದ ಭಾರವನ್ನು ಹಾಗೇ ಇಟ್ಟುಕೊಂಡು ಕೆಳಗೆ ಸ್ಪೇಸರ್ ಕೊಡುವುದರಲ್ಲಿ ಅರ್ಥವಿಲ್ಲ. ಅಷ್ಟೇ ಅಲ್ಲ, ಬುಲ್ ಬಾರ್ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಬಾರ್ ತೆಗೆದರೂ ಮೂತಿ ಏಳದಿದ್ದರೆ, ಗಾಡಿ ಹೆಚ್ಚು ಓಡಿದ್ದರೆ, ಸ್ಪ್ರಿಂಗ್ ಕುಗ್ಗಿರಬಹುದು. ಕಂಪನಿಯ ಹೊಸ ಸ್ಪ್ರಿಂಗ್ ಜೋಡಿ ಹಾಕಿಸಿ, ಎತ್ತರ ಮರಳಿ ಬರುತ್ತದೆ, ಕಾನೂನಿನ ತಕರಾರೂ ಇರುವುದಿಲ್ಲ. ಸ್ಪೇಸರ್ ಕಥೆ ಬೇರೆ. ತಯಾರಕರು ಕೊಟ್ಟ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಡಿ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೂ ಇದನ್ನೇ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ಇಟ್ಟುಕೊಂಡವರಿಗೂ ಇದೇ ಉತ್ತರ. ತೋಟದ ಗಾಡಿಗಂತೂ ಮೂತಿ ಸ್ವಲ್ಪ ತಗ್ಗಿರುವುದೇ ಲೇಸು. ಹಿಂದೆ ಗೊಬ್ಬರದ ಮೂಟೆ ಹೇರಿ ಘಟ್ಟದ ತಿರುವಿನಲ್ಲಿ ಏರುವಾಗ ಮುಂಚಕ್ರಕ್ಕೆ ಹಿಡಿತ ಬೇಕು.

ಪ್ರಶ್ನೆ: ಮಗ ತನ್ನ ಪಿಕಪ್ಪಿನ ಮುಂಭಾಗವನ್ನು ಹಿಂಭಾಗಕ್ಕಿಂತ ಎತ್ತರ ಮಾಡಿಸುತ್ತೇನೆ ಎನ್ನುತ್ತಿದ್ದಾನೆ. ಇಲ್ಲಿ ಅದಕ್ಕೆ ದಂಡವಿದೆಯೇ?
– ಕ್ಯಾರಿ, ನಾರ್ತ್ ಕೆರೊಲಿನಾ

ಉತ್ತರ: ಇದೆ. ಮಾರ್ಪಾಡಿನಿಂದ ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ 4 ಇಂಚು ಅಥವಾ ಹೆಚ್ಚು ಎತ್ತರವಾದರೆ ನಿಮ್ಮ ರಾಜ್ಯದಲ್ಲಿ ಅಪರಾಧ, 2021ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಮೂತಿ ಎತ್ತಿ ಹಿಂಭಾಗ ತಗ್ಗಿಸುವ, ‘ಕೆರೊಲಿನಾ ಸ್ಕ್ವಾಟ್’ ಎಂದು ಹೆಸರಾದ ಚಾಳಿಯನ್ನು ತಡೆಯಲೆಂದೇ ತಂದ ನಿಯಮವಿದು. ಬಾನೆಟ್ ಅಡ್ಡವಾಗಿ ಎದುರಿಗೆ ದಾಟುವ ಮಗು ಕಾಣುವುದಿಲ್ಲ. ಮಟ್ಟಕ್ಕೆ ತರುವ ಒಂದೂವರೆ ಇಂಚಿನ ಕಿಟ್ ಈ ನಿಯಮದೊಳಗೆ ಬರುವುದಿಲ್ಲ, ಮಗನಿಗೆ ಅದನ್ನೇ ಒಪ್ಪಿಸಿ.